ಕಡಲಾಚೆಯ ದುಡಿಮೆಗಾರರೂ ಮುಸಲ್ಮಾನ ತರುಣರೂ

ಕಲ್ಲಿಕೋಟೆಯಿಂದ ಮಂಗಳೂರಿಗೆ, ಮಂಗಳೂರಿನಿಂದ ಭಟ್ಕಳಕ್ಕೆ ಕರಾವಳಿಯ ಹಾದಿಯಲ್ಲಿ ಪ್ರಯಾಣ ಮಾಡಿದ ವಾಚಕರು ಒಂದು ಸಂಗತಿಯನ್ನು ಗಮನಿಸಿಯೇ ಇರುವರು. ತೆಂಗಿನ ತೋಟಗಳ ನಡುವೆ ಅಲ್ಲಲ್ಲಿ ಎರಡಂತಸ್ತಿನ ಹೊಸ ಮನೆಗಳು ಎದ್ದು ನಿಂತಿವೆ. ಇವು ಗಲ್ಫಿನ ಹಣದಿಂದ ಕಟ್ಟಿದುವೆಂದು ಜೊತೆಯ ಪ್ರಯಾಣಿಕರು ಬೆರಳು ಮಾಡಿ ತೋರಿಸುವರು. ಮಾತು ಸುಳ್ಳಲ್ಲ. 1973ರಲ್ಲಿ ಎಣ್ಣೆಯ ಬೆಲೆ ಹಠಾತ್ತನೆ ಏರಿದ ಮೇಲೆ ಅರಬ್ಬೀ ರಾಜ್ಯಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸವು ಒಮ್ಮೆಗೇ ಹೆಚ್ಚಿತು. ಮಲೆಯಾಳದ ಮಾಪಿಳ್ಳೆಯರೂ ತುಳುನಾಡಿನ ಬ್ಯಾರಿಗಳೂ ಭಟ್ಕಳದ ನವಾಯತರೂ, ಅವರೊಡನೆ ಹಿಂದುಗಳೂ ಕ್ರೈಸ್ತರೂ, ಗುಂಪುಗುಂಪಾಗಿ ಕಡಲು ದಾಟಿದರು. ಆದರೆ ದಾರಿಹೋಕನ ಕಣ್ಣಿಗೆ ಬೀಳುವುದು ಕಟ್ಟಿ ಮುಗಿದ ಮನೆ ಮಾತ್ರವಷ್ಟೆ. ಅದೇ ಓಣಿಯಲ್ಲಿ ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟು ಹೊರಟವನ ಮನೆಯೂ ಇರುತ್ತದೆ. ಅದರ ಗೋಡೆಗೆ ಗಿಲಾವು ಸಹ ಬಿದ್ದಿರುವುದಿಲ್ಲ. ಅಂಥವನಿಗೆ ಅಲ್ಲಿ ಆಪತ್ತು ಬಂದಾಗ ಕೈಹಿಡಿಯುವವರು ಯಾರು, ಹಣ ಎಲ್ಲಿಂದ ಒದಗುತ್ತದೆ, ಒದಗಿದ ಹಣವು ಅವನನ್ನು ಮುಟ್ಟುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನಿರೂಪಿಸಬೇಕೆಂದು ನಮ್ಮ ಉದ್ದೇಶ.

ದುಡಿಯಲು ಹೋದವನು ಅಲ್ಲಿ ದಿಕ್ಕುಗೆಡುವ ಬಗೆಯನ್ನು ಮೊದಲು ಸ್ವಲ್ಪ ತಿಳಿಯಬೇಕು. ಏಜೆಂಟನಿಗೆ ಕೊಟ್ಟ ಹಣಕ್ಕಾಗಿ ಮಾಡಿದ ಸಾಲವು ಹೊರಡುವ ಮೊದಲೇ ಅವನ ಬೆನ್ನ ಮೇಲಿರುತ್ತದೆ. ಆ ರಾಜ್ಯಗಳಲ್ಲಿ ಕಫಾಲಾ ಎಂಬುದೊಂದು ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಪರದೇಶದ ಕೆಲಸಗಾರನು ಅಲ್ಲಿ ವಾಸಿಸಬೇಕಾದರೆ ಒಬ್ಬ ಯಜಮಾನನು ಅವನಿಗೆ ಹೊಣೆಯಾಗಿರಬೇಕು. ಆ ಯಜಮಾನನಿಗೆ ಕಫೀಲನೆಂದು ಹೆಸರು. ಕಫೀಲನು ದೇವರಿಗೆ ಅಂಜುವವನಾದರೆ ಚಿಂತೆಯಿಲ್ಲ. ಅಲ್ಲವಾದರೆ ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿಯೂ ಸಂಬಳ ಅವನ ಬಾಯಿಮಾತಿನಲ್ಲಿಯೂ ಉಳಿಯುತ್ತವೆ. ಬೇಸತ್ತು ಕೆಲಸ ಬಿಟ್ಟರೆ ‘ಓಡಿಹೋದನು’ ಎಂದು ದೂರು ದಾಖಲಾಗುತ್ತದೆ. ಅಲ್ಲಿಂದ ಮುಂದೆ ಆ ನಾಡಿನಲ್ಲಿರುವುದೂ ಅಪರಾಧ, ಅಲ್ಲಿಂದ ಹೊರಡುವುದೂ ದುಸ್ಸಾಧ್ಯ. ಕತಾರವು 2020ರಲ್ಲಿಯೂ ಸೌದಿ ಅರೇಬಿಯವು 2021ರಲ್ಲಿಯೂ ಈ ಕಟ್ಟುಗಳನ್ನು ಸಡಿಲಿಸಿದುವು. ಆದರೆ ಸೌದಿಯ ಆ ಸುಧಾರಣೆಯು ಮನೆಗೆಲಸದವರಿಗೂ ಮನೆಯ ವಾಹನ ನಡೆಸುವವರಿಗೂ ಕುರಿ ಕಾಯುವವರಿಗೂ ಅನ್ವಯಿಸಲಿಲ್ಲ. ಅತ್ಯಂತ ಬಡವರಾದವರು ಇವರೇ ಅಲ್ಲವೆ?

ಇಂಥವರ ಬಳಿಗೆ ಓಡಿಬರುವ ತರುಣರು ಎರಡು ತೀರದಲ್ಲಿಯೂ ಇದ್ದಾರೆ. ಆಚೆಯ ತೀರದಲ್ಲಿರುವವರು ತಾವೂ ಸಂಬಳದವರೇ: ಕಿರಾಣಿ ಅಂಗಡಿಯ ಹುಡುಗರು, ವಾಹನ ಚಾಲಕರು, ಕಚೇರಿಯ ಗುಮಾಸ್ತರು. ಹಗಲಿನ ದುಡಿಮೆ ಮುಗಿಸಿ, ಹಲವರು ಕೂಡಿ ಬಾಡಿಗೆ ಕೊಡುವ ಕೋಣೆಗೆ ಹಿಂದಿರುಗಿದ ಮೇಲೆ ಈ ಕೆಲಸಕ್ಕೆ ಕೈಹಚ್ಚುವರು. ಇವರ ಕೂಟಗಳಲ್ಲಿ ದೊಡ್ಡದು ಕೆ.ಎಂ.ಸಿ.ಸಿ. ಎಂದು ಪ್ರಸಿದ್ಧವಾದ ಕೇರಳ ಮುಸ್ಲಿಂ ಕಲ್ಚರಲ್ ಸೆಂಟರ್. ಇದಕ್ಕೆ ಮುಸ್ಲಿಂ ಲೀಗ್ ಪಕ್ಷದ ನಂಟುಂಟೆಂದು ಕೆಲವರು ಮೂಗು ಮುರಿಯಬಹುದು. ಹಸಿದವನು ಅನ್ನದ ಗೋತ್ರವನ್ನು ಕೇಳುವುದಿಲ್ಲವಾದಕಾರಣ ನಾವೂ ಆ ಚರ್ಚೆಗೆ ಹೋಗುವುದಿಲ್ಲ. ಸೌದಿಯಲ್ಲಿರುವ ಇದರ ಸದಸ್ಯರು ವರ್ಷಕ್ಕೊಮ್ಮೆ ಸಣ್ಣದೊಂದು ವಂತಿಗೆಯನ್ನು ಸಲ್ಲಿಸಿ, ತಮ್ಮಲ್ಲಿ ಯಾರಾದರೂ ತೀರಿಕೊಂಡರೆ ಊರಿನ ಸಂಸಾರಕ್ಕೆ ಲಕ್ಷಗಳ ಲೆಕ್ಕದಲ್ಲಿ ನೆರವು ಸಲ್ಲುವಂತೆ ಏರ್ಪಾಡು ಮಾಡಿಕೊಂಡಿದ್ದಾರೆ. ತುಳುನಾಡಿನವರಿಗೂ ಭಟ್ಕಳದವರಿಗೂ ಅಲ್ಲಿ ತಮ್ಮ ತಮ್ಮ ಜಮಾತುಗಳುಂಟು.

ಇಲ್ಲಿ ವಾಚಕರು ತಿಳಿಯಬೇಕಾದ ತೊಡಕೊಂದಿದೆ. ನಮ್ಮ ಊರುಗಳಲ್ಲಿ ಡಬ್ಬಿ ಹಿಡಿದು ಬೀದಿಗಿಳಿದಂತೆ ಅಲ್ಲಿ ಇಳಿಯಲಾಗದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2021ರ ಶಾಸನದ ಪ್ರಕಾರ ಅನುಮತಿ ಪಡೆದ ಸಂಸ್ಥೆಗಳ ಹೊರತು ಬೇರೆ ಯಾರೂ ಸಾರ್ವಜನಿಕರಿಂದ ದಾನ ಎತ್ತುವಂತಿಲ್ಲ. ಎತ್ತಿದರೆ ಭಾರಿ ದಂಡ. ದುಬೈಯಲ್ಲಿ 2015ರಿಂದಲೇ ಇಂಥ ಕಟ್ಟಳೆಯುಂಟು. ಒಳ್ಳೆಯ ಮನಸ್ಸಿನ ಹುಡುಗನೂ ಅರಿಯದೆ ಸೆರೆಮನೆಯ ಬಾಗಿಲನ್ನು ತಟ್ಟುವ ಸಂಭವವಿದೆ. ಆದಕಾರಣ ವಿವೇಕಿಗಳಾದವರು ನಗದನ್ನು ಕೂಡಿಸುವ ಗೊಡವೆಗೆ ಹೋಗದೆ, ಕಷ್ಟದಲ್ಲಿರುವವನ ಟಿಕೇಟನ್ನೋ ಔಷಧವನ್ನೋ ದಿನಸಿಯನ್ನೋ ತಾವೇ ಕೊಂಡುಕೊಡುವರು. ದೊಡ್ಡ ಮೊತ್ತದ ಸಂಗ್ರಹವೆಲ್ಲ ಈಚೆಯ ತೀರದಲ್ಲಿ, ನಮ್ಮ ದೇಶದ ಕಾನೂನಿನಂತೆ ನಡೆಯುವುದೇ ಕ್ಷೇಮ.

ಈ ಸೇವೆಯ ಸ್ವರೂಪವನ್ನು ಅರಿಯಲು ಅಜ್ಮಾನಿನಲ್ಲಿ ನೆಲಸಿದ, ಕಲ್ಲಿಕೋಟೆ ಜಿಲ್ಲೆಯ ಅಶ್ರಫ್ ತಾಮರಶ್ಶೇರಿಯವರ ಉದಾಹರಣೆ ಸಾಕು. ಇವರು ತಾರುಣ್ಯವನ್ನು ದಾಟಿದವರು. ಆದರೆ ತರುಣರಿಗೆ ಮೇಲ್ಪಂಕ್ತಿಯಾದವರು. ಪರದೇಶದಲ್ಲಿ ಮಡಿದವರ ದೇಹಗಳನ್ನು ಪ್ರತಿಫಲವಿಲ್ಲದೆ ಅವರವರ ಊರಿಗೆ ಕಳುಹಿಸುವುದು ಇವರು ಕೈಕೊಂಡ ವ್ರತ. ಮೃತನ ಮತ ಯಾವುದು, ದೇಶ ಯಾವುದು ಎಂಬ ವಿಚಾರಣೆಯಿಲ್ಲ. 2015ರಲ್ಲಿ ಭಾರತ ಸರ್ಕಾರವು ಇವರಿಗೆ ಪ್ರವಾಸಿ ಭಾರತೀಯ ಸಮ್ಮಾನವನ್ನು ನೀಡಿತು. 2018ರ ಫೆಬ್ರವರಿಯಲ್ಲಿ ನಟಿ ಶ್ರೀದೇವಿಯವರು ದುಬೈಯಲ್ಲಿ ನಿಧನರಾದಾಗ ಕಾಗದಪತ್ರಗಳಲ್ಲಿ ಕಾಣಿಸಿಕೊಂಡದ್ದೂ ಇವರ ಹೆಸರೇ. ವೈದ್ಯರ ಪತ್ರ, ಪೊಲೀಸರ ಒಪ್ಪಿಗೆ, ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟಿನ ರದ್ದತಿ, ದೇಹ ಕೆಡದಂತೆ ಸಂಸ್ಕಾರ, ವಿಮಾನದಲ್ಲಿ ಸ್ಥಳ, ಇವಿಷ್ಟೂ ತಾರೆಗೂ ಬೇಕು, ಗಾರೆಯವನಿಗೂ ಬೇಕು. ತಾರೆಯ ಹಿಂದೆ ಓಡಾಡುವವರುಂಟು. ಗಾರೆಯವನ ಹಿಂದೆ ಯಾರು?

ಹಿಂದೆ ವಿಮಾನ ಕಂಪನಿಗಳು ಸತ್ತವನ ದೇಹವನ್ನು ತಕ್ಕಡಿಯಲ್ಲಿಟ್ಟು ತೂಗಿ, ಸಾಮಾನು ಸರಂಜಾಮಿನಂತೆ ಕಿಲೋಗಿಷ್ಟೆಂದು ಸಾಗಣೆಯ ಕೂಲಿಯನ್ನು ವಸೂಲು ಮಾಡುತ್ತಿದ್ದುವು. ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಅವಮಾನವುಂಟೆ? ಸ್ವಯಂಸೇವಕರು ವರ್ಷಗಟ್ಟಲೆ ಕೂಗಿಕೊಂಡ ಫಲವಾಗಿ 2019ರ ಆರಂಭದಲ್ಲಿ ಏರ್ ಇಂಡಿಯಾ ಸಂಸ್ಥೆಯು ಆ ಸಂಸ್ಥಾನಗಳಿಂದ ತರುವ ದೇಹಕ್ಕೆ ತೂಕ ನೋಡದೆ 1,500 ದಿರ್ಹಮ್ ಎಂದೂ, 12 ವರ್ಷದೊಳಗಿನ ಮಕ್ಕಳಿಗೆ ಅದರ ಅರ್ಧವೆಂದೂ ಗೊತ್ತುಮಾಡಿತು. ಹಣವೆತ್ತಿ ಸಾಧಿಸಲಾರದ್ದನ್ನು ಇಲ್ಲಿ ಹಟದಿಂದ ಸಾಧಿಸಿದಂತಾಯಿತು.

2020ರ ಮಹಾಮಾರಿಯ ಕಾಲದಲ್ಲಿ ಈ ತರುಣರ ಸತ್ತ್ವಪರೀಕ್ಷೆಯೇ ನಡೆಯಿತು. ಮಾರ್ಚ್ ತಿಂಗಳ ಕೊನೆಗೆ ದುಬೈಯ ಹಳೆಯ ಪೇಟೆಯಾದ ದೇರೆಯಲ್ಲಿ ಅಲ್ ರಾಸ್, ನಾಯಿಫ್ ಮುಂತಾದ ಕೇರಿಗಳಿಗೆ ದಿಗ್ಬಂಧನವಾಯಿತು. ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುವ ಸ್ಥಳಗಳವು. ಕೆಲಸವಿಲ್ಲ, ಸಂಬಳವಿಲ್ಲ, ಪಕ್ಕದವನಿಗೆ ಜ್ವರ. ಕೆ.ಎಂ.ಸಿ.ಸಿ. ಮೊದಲಾದ ಕೂಟಗಳ ಹುಡುಗರು ಮಹಡಿ ಮಹಡಿ ಹತ್ತಿ ಊಟದ ಪೊಟ್ಟಣಗಳನ್ನು ಬಾಗಿಲಲ್ಲಿಟ್ಟು ಬಂದರು. ಸೋಂಕಿತರನ್ನು ಬೇರೆಯಿರಿಸಲು ಅಲ್ ವರ್ಸಾನಿನಲ್ಲಿ ಏರ್ಪಟ್ಟ ಕಟ್ಟಡಗಳಲ್ಲಿಯೂ ದುಡಿದರು. ಮೇ 7ರಿಂದ ಭಾರತ ಸರ್ಕಾರದ ವಿಮಾನಗಳು ಹೊರಟುವಾದರೂ ಕಾದಿರುವವರ ಸಂಖ್ಯೆ ಅಪಾರವಾಗಿತ್ತು. ಆಗ ಈ ಕೂಟಗಳು ಇಡೀ ವಿಮಾನಗಳನ್ನೇ ಬಾಡಿಗೆಗೆ ಗೊತ್ತುಮಾಡಿ, ಬಸುರಿಯರನ್ನೂ ರೋಗಿಗಳನ್ನೂ ಕೆಲಸ ಕಳೆದುಕೊಂಡವರನ್ನೂ ಮುಂದಿಟ್ಟು ಊರಿಗೆ ಕಳುಹಿಸಿದುವು. ಕೊಡಬಲ್ಲವರ ಟಿಕೇಟಿನ ಹಣದಲ್ಲಿ ಕೊಡಲಾರದವರಿಗೂ ಆಸನ ಒದಗಿತು. ಮಂಗಳೂರಿಗೂ ಇಂಥ ವಿಮಾನಗಳು ಬಂದುವು.

ಈ ದಾನಬುದ್ಧಿಯ ಹಿಂದಿರುವ ಶಾಸ್ತ್ರದ ವಿಷಯವಾಗಿ ಎರಡು ಮಾತು. ‘ಜಕಾತಿ’ ಎಂದ ಕೂಡಲೆ ನಮ್ಮ ಹಿರಿಯರಿಗೆ ನೆನಪಾಗುವುದು ಊರ ಬಾಗಿಲಲ್ಲಿ ಗಾಡಿ ತಡೆದು ಸುಂಕ ಕೇಳುವ ಕಟ್ಟೆ. ಆ ಶಬ್ದದ ಮೂಲವು ಅರಬ್ಬಿಯ ಜಕಾತ್. ಶುದ್ಧಿ, ವೃದ್ಧಿ ಎಂದು ಅದರ ಅರ್ಥ. (ಜಮಾ, ಬಾಕಿ, ವಸೂಲು ಎಂದು ನಾವು ದಿನವೂ ಆಡುವ ಲೆಕ್ಕದ ಮಾತುಗಳೂ ಆ ಭಾಷೆಯವೇ.) ಸುಮಾರು 85 ಗ್ರಾಂ ಚಿನ್ನದ ಬೆಲೆಗೆ ಕಡಮೆಯಿಲ್ಲದ ಉಳಿತಾಯವು ಒಂದು ವರ್ಷ ಕೈಯಲ್ಲಿದ್ದರೆ, ಅದರಲ್ಲಿ ನಲವತ್ತರಲ್ಲೊಂದು ಪಾಲನ್ನು ಕೊಡಲೇಬೇಕು. ಇದು ಔದಾರ್ಯವಲ್ಲ, ಋಣ. ಇದನ್ನು ಪಡೆಯಲು ಅರ್ಹರಾದವರನ್ನು ಕುರಾನಿನಲ್ಲಿ ಎಂಟು ವರ್ಗವಾಗಿ ಹೇಳಿದೆ. ಬಡವರು, ನಿರ್ಗತಿಕರು ಸರಿಯೇ. ಅವರೊಡನೆ ಸಾಲದಲ್ಲಿ ಮುಳುಗಿದವನು, ಬಂಧನದಲ್ಲಿರುವವನು, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನು ಎಂದು ಬೇರೆ ಬೇರೆಯಾಗಿ ಎಣಿಸಿರುವುದು ನಮಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಏಜೆಂಟನ ಸಾಲ ತೀರದೆ, ಪಾಸ್‌ಪೋರ್ಟು ಕೈಯಲ್ಲಿಲ್ಲದೆ, ಊರಿಗೆ ಹೋಗಲು ಕಾಸಿಲ್ಲದೆ ನಿಂತ ಕೂಲಿಗಾರನು ಈ ಮೂರೂ ಆಗಿರುವನಷ್ಟೆ. ನಮ್ಮ ಶಾಸ್ತ್ರಕಾರರೂ ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಚನೆಯನ್ನು ವಿಧಿಸಿದರು. ಪಾತ್ರವನ್ನು ಹೇಳುವಾಗ ನಮ್ಮವರ ದೃಷ್ಟಿಯು ಹೆಚ್ಚಾಗಿ ವಿದ್ಯೆ ಆಚಾರಗಳ ಮೇಲೂ, ಅವರ ದೃಷ್ಟಿಯು ಸಂಕಟದ ಮೇಲೂ ನಿಂತಿದೆಯೆಂದು ನಮಗೆ ಅನ್ನಿಸುವುದುಂಟು. ಜಕಾತಿನ ಹಣವು ಮುಸಲ್ಮಾನರಿಗೇ ಸಲ್ಲಬೇಕೆಂದು ಅವರ ಧರ್ಮಜ್ಞರಲ್ಲಿ ಬಹುಮಂದಿಯ ಮತ. ಸದಕಾ ಎಂಬ ಐಚ್ಛಿಕ ದಾನಕ್ಕೆ ಆ ನಿರ್ಬಂಧವಿಲ್ಲ. ಆದುದರಿಂದ ಶಾಸ್ತ್ರವನ್ನರಿತು ಸಂಗ್ರಹಿಸುವವರು ಎರಡಕ್ಕೂ ಬೇರೆ ಬೇರೆ ಲೆಕ್ಕವನ್ನಿಡಬೇಕಾಗುತ್ತದೆ.

ಇನ್ನು ಈಚೆಯ ತೀರದ ತರುಣರು. ಮಲಬಾರಿನ ಹುಡುಗರು ಧರ್ಮಾರ್ಥವಾಗಿ ಬಿರಿಯಾನಿ ಮಾರುವ ಕ್ರಮವು ಗೃಹಿಣಿಯರಿಗೆ ವಿನೋದವಾಗಿ ಕಂಡೀತು. ಅಕ್ಕಿ ಮಾಂಸಗಳನ್ನು ವರ್ತಕರಿಂದ ದಾನವಾಗಿಯೋ ಅಗ್ಗವಾಗಿಯೋ ಪಡೆದು, ಬಯಲಿನಲ್ಲಿ ಒಲೆ ಹೂಡಿ, ರಾತ್ರಿಯೆಲ್ಲ ಬೇಯಿಸಿ, ಮೊದಲೇ ಹೆಸರು ಬರೆಯಿಸಿದವರ ಮನೆಗೆ ಪೊಟ್ಟಣವನ್ನು ತಲಪಿಸುವರು. ಬೇಯಿಸಿದವರಿಗೂ ಹೊತ್ತವರಿಗೂ ಕೂಲಿಯಿಲ್ಲವಾದ್ದರಿಂದ ಬೆಲೆಯ ಬಹುಭಾಗ ನಿಧಿಗೇ ಉಳಿಯುತ್ತದೆ.

ಇಂಥ ಸಂಗ್ರಹಗಳಲ್ಲೆಲ್ಲ ದೊಡ್ಡದು 2024ರಲ್ಲಿ ನಡೆಯಿತು. ಕಲ್ಲಿಕೋಟೆಯ ಕಡೆಯ ಬಡ ಯುವಕನೊಬ್ಬನು 2006ರಲ್ಲಿ ರಿಯಾಧಿಗೆ ಮನೆಯ ಚಾಲಕನಾಗಿ ಹೋದನು. ಮೈ ಸ್ವಾಧೀನವಿಲ್ಲದ ಆ ಮನೆಯ ಹುಡುಗನನ್ನು ವಾಹನದಲ್ಲಿ ಕರೆದೊಯ್ಯುವುದು ಅವನ ಕೆಲಸ. ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ, ಆ ಹುಡುಗನ ಪ್ರಾಣಕ್ಕೆ ಆಧಾರವಾಗಿದ್ದ ಉಪಕರಣಕ್ಕೆ ಇವನ ಕೈ ಅರಿಯದೆ ತಗಲಿ ಹುಡುಗನು ತೀರಿಕೊಂಡನು. ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ಅಲ್ಲಿನ ಧರ್ಮಶಾಸನದಂತೆ ಮೃತನ ವಾರಸುದಾರರು ದಿಯಾ ಎಂಬ ಪರಿಹಾರಧನವನ್ನು ಪಡೆದು ಕ್ಷಮಿಸಬಹುದು. 2023ರಲ್ಲಿ ಅವರು ಒಂದೂವರೆ ಕೋಟಿ ರಿಯಾಲಿಗೆ, ಎಂದರೆ ಸುಮಾರು 34 ಕೋಟಿ ರೂಪಾಯಿಗೆ, ಸಮ್ಮತಿಸಿದರು. ಆರು ತಿಂಗಳ ಗಡುವು. ತಲೆಗೆ ನೂರು ರೂಪಾಯಿಯಂತೆ 34 ಲಕ್ಷ ಮಂದಿ ಕೊಡಬೇಕಾದ ಮೊತ್ತವಿದು! ಗಡುವಿನ ಬಹುಭಾಗ ಕಳೆದಿದ್ದರೂ ಬಂದದ್ದು ಅಲ್ಪ. ಆಗ ಹುಡುಗರು ಮೊಬೈಲಿನಲ್ಲಿ ಒಂದು ಆ್ಯಪನ್ನು ಹರಡಿದರು. ಕೊಟ್ಟ ಪ್ರತಿಯೊಂದು ಕಾಸೂ, ಕೂಡಿದ ಮೊತ್ತವೂ ಅದರಲ್ಲಿ ಆಗಿಂದಾಗ್ಗೆ ಎಲ್ಲರಿಗೂ ಕಾಣುವಂತಿತ್ತು. ರಮಜಾನ್ ತಿಂಗಳು, ಮಸೀದಿ, ಮಾರುಕಟ್ಟೆ, ಬಸ್ಸುನಿಲ್ದಾಣಗಳಲ್ಲೆಲ್ಲ ತರುಣರ ತಂಡಗಳು. ಕ್ರೈಸ್ತ ಮತದ ಆಭರಣ ವ್ಯಾಪಾರಿಯೊಬ್ಬರು ತಿರುವನಂತಪುರದಿಂದ ಕಾಸರಗೋಡಿನ ಕಡೆಗೆ ಬೇಡುತ್ತ ಹೊರಟರು. ಹಿಂದುಗಳು ಕೊಟ್ಟರು, ಗಲ್ಫಿನ ಕೂಲಿಗಾರರು ಕೊಟ್ಟರು. ಏಪ್ರಿಲ್ 12ಕ್ಕೆ 34 ಕೋಟಿ ತುಂಬಿತು. ಇನ್ನು ಕಳುಹಿಸಬೇಡಿರೆಂದು ಸಮಿತಿಯವರು ಸಾರಿ, ಅನಂತರ ಜಮಾಖರ್ಚನ್ನೂ ಪ್ರಕಟಿಸಿದರು.

ಹಣ ಕೂಡಿದ ದಿನವೇ ಅವನು ಮನೆಗೆ ಬಂದನೆಂದು ಯಾರಾದರೂ ಭಾವಿಸಿದರೆ ತಪ್ಪಾಗುತ್ತದೆ. ಆ ಮೊತ್ತವು ರಾಯಭಾರ ಕಚೇರಿಯ ಮೂಲಕ ಸಲ್ಲಬೇಕಾಯಿತು. ಮರಣದಂಡನೆ ರದ್ದಾದದ್ದು ಜುಲೈಯಲ್ಲಿ. ವಾರಸುದಾರರ ಹಕ್ಕು ತೀರಿದರೂ ಸಮಾಜದ ಹಕ್ಕೆಂಬ ಬೇರೊಂದು ವಿಚಾರಣೆಯು ಉಳಿದು, ಪುನಃ ಪುನಃ ಮುಂದಕ್ಕೆ ಹೋಗಿ, 2025ರ ಮೇ ತಿಂಗಳಲ್ಲಿ 20 ವರ್ಷದ ಸೆರೆ ಎಂದು ತೀರ್ಪಾಯಿತು. ಕಳೆದ ಕಾಲವೂ ಅದರಲ್ಲಿ ಸೇರಿತು. ಹಣವನ್ನು ಕೂಡಿಸುವುದು ವಾರಗಳ ಕೆಲಸ, ಅದನ್ನು ಫಲಕ್ಕೆ ತರುವುದು ವರ್ಷಗಳ ಕೆಲಸವೆಂಬುದು ಇದರಿಂದ ವಿಶದವಾಗುತ್ತದೆ. ಈ ಎರಡನೆಯ ಕೆಲಸಕ್ಕೆ ಚಪ್ಪಾಳೆಯಿಲ್ಲ. ದಿನವೂ ಕಚೇರಿಯ ಸಾಲಿನಲ್ಲಿ ನಿಂತು, ಅರಬ್ಬಿಯ ಅರ್ಜಿಯನ್ನು ಓದಿ ಹೇಳಿ, ವಕೀಲರ ಹಿಂದೆ ಅಲೆಯುವ ಹುಡುಗರನ್ನೇ ನಾವು ಹೆಚ್ಚಾಗಿ ಗೌರವಿಸುತ್ತೇವೆ.

ಒಂದು ಶಂಕೆಯನ್ನೂ ಮುಚ್ಚಿಡುವುದು ಸರಿಯಲ್ಲ. ಟಿಕೇಟಿಗೆ ಇಪ್ಪತ್ತು ಸಾವಿರವೆಂದು ಹಿಡಿದರೂ 34 ಕೋಟಿಯಲ್ಲಿ 17 ಸಾವಿರ ಮಂದಿ ಊರು ಸೇರಬಹುದಾಗಿತ್ತು. ಪ್ರಾಣದೆದುರಿಗೆ ಇಂಥ ಗಣಿತ ಸಲ್ಲದು, ನಿಜ. ಆದರೂ ಮುಖ ಕಂಡವನಿಗೆ ಕೋಟಿ ಬರುತ್ತದೆ. ಆರು ತಿಂಗಳ ಸಂಬಳ ಮುಳುಗಿದವನ ಕಥೆ ಯಾರ ಕಣ್ಣನ್ನೂ ತೇವಗೊಳಿಸುವುದಿಲ್ಲ. ಕ್ಷಮೆಗೆ ಇಷ್ಟು ದೊಡ್ಡ ಬೆಲೆ ಒಮ್ಮೆ ಸಂದಿತೆಂದರೆ ಮುಂದಿನವರ ಪಾಲಿಗೆ ಆ ಬೆಲೆ ಏರಲಾರದೆ? ಬಡವನ ಅಳುವ ಮುಖವನ್ನು ಚಿತ್ರ ತೆಗೆದು ಊರೂರಿಗೆ ಹರಡುವ ಪದ್ಧತಿಯೂ ನಮಗೆ ಒಪ್ಪಿಗೆಯಾಗದು. ಅವನಿಗೂ ಹೆಣ್ಣುಮಕ್ಕಳಿರುತ್ತಾರೆ, ಬಂಧುಗಳಿರುತ್ತಾರೆ.

ಸರ್ಕಾರದ ಕೈಯಲ್ಲಿಯೂ ಸಾಧನಗಳಿಲ್ಲದಿಲ್ಲ. ಆಪತ್ತಿಗೆ ಸಿಕ್ಕಿದ ಭಾರತೀಯರ ನೆರವಿಗಾಗಿ 2009ರಲ್ಲಿ ರಾಯಭಾರ ಕಚೇರಿಗಳಲ್ಲಿ ಕ್ಷೇಮನಿಧಿಯೊಂದನ್ನು ಸ್ಥಾಪಿಸಿದೆ. ಕಚೇರಿಯ ಸೇವೆಗಳಿಗೆಂದು ಪ್ರವಾಸಿಗಳು ತೆರುವ ಶುಲ್ಕದಲ್ಲಿಯೇ ಇದು ಬೆಳೆದದ್ದಾದ್ದರಿಂದ, ಇದನ್ನು ಕೇಳುವುದು ಭಿಕ್ಷೆಯಲ್ಲ. ಟಿಕೇಟಿಗೂ ಶವಸಾಗಣೆಗೂ ಇದರಿಂದ ಹಣ ಸಿಕ್ಕುತ್ತದೆ. ಆದರೆ ಇಂಥದೊಂದು ಉಂಟೆಂದು ಕೂಲಿಗಾರನಿಗೆ ಹೇಳುವವರು ಬೇಕು. ಹತ್ತನೆಯ ತರಗತಿ ದಾಟದವರು ಆ ದೇಶಗಳಿಗೆ ಹೊರಡುವಾಗ ಮಾಡಿಸಲೇಬೇಕಾದ ಪ್ರವಾಸಿ ಭಾರತೀಯ ಬೀಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಮಡಿದರೆ ಹತ್ತು ಲಕ್ಷ. ಆ ಕಾಗದವು ಮನೆಯ ಯಾವ ಡಬ್ಬಿಯಲ್ಲಿದೆಯೆಂದು ಎಷ್ಟು ಹೆಂಡಿರಿಗೆ ಗೊತ್ತು?

ಆದುದರಿಂದ ಮನೆಯಿಂದ ಯಾರನ್ನಾದರೂ ಕಡಲಾಚೆಗೆ ಕಳುಹಿಸುವ ಗೃಹಸ್ಥರು ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು, ವಿಮೆಯ ಕಾಗದ ಇವುಗಳ ಪ್ರತಿಗಳನ್ನೂ, ಕಫೀಲನ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆಯನ್ನೂ, ಏಜೆಂಟನ ಲೈಸೆನ್ಸಿನ ಸಂಖ್ಯೆಯನ್ನೂ ಹಣದ ರಸೀದಿಯನ್ನೂ ಒಂದು ಲಕೋಟೆಯಲ್ಲಿಟ್ಟು, ಮನೆಯ ಹೆಂಗಸರ ವಶಕ್ಕೆ ಕೊಡಬೇಕು. ಆಪತ್ತಿನ ಹೊತ್ತಿನಲ್ಲಿ ಆಚೆಯ ತೀರದ ಹುಡುಗನು ದೂರವಾಣಿಯಲ್ಲಿ ಮೊದಲು ಕೇಳುವುದು ಹಣವನ್ನಲ್ಲ, ಈ ಲಕೋಟೆಯನ್ನು.