ಹತ್ತು ವರ್ಷ ಬಾಳಬೇಕಾದ ಆಟದ ಕಂಪ್ಯೂಟರ್

ಗಡಿಯಾಚೆಯ ಕನ್ನಡ ಮನೆಗಳಿಂದ ನಮಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಶಾಲೆಯವು, ಪಠ್ಯಪುಸ್ತಕದವು, ಅರ್ಜಿ ನಮೂನೆಯವು. ಈ ಸಲ ಬಂದದ್ದು ಬೇರೆ ಬಗೆಯದು. ಶೆವರಾಯ್ ಬೆಟ್ಟಗಳ ಬುಡದಲ್ಲಿ, ವಾಣಿಯಾರ್ ಅಣೆಕಟ್ಟಿಗೆ ಸಮೀಪದಲ್ಲಿರುವ ಪಾಪಿರೆಡ್ಡಿಪಟ್ಟಿಯ ಒಂದು ಕನ್ನಡ ಕುಟುಂಬದವರು ಮಗನಿಗೆ ಆಟದ ಕಂಪ್ಯೂಟರ್ ಕಟ್ಟಿಸಿಕೊಡಬೇಕೆಂದಿದ್ದಾರೆ. ಕೈಯಲ್ಲಿರುವುದು ಒಂದು ಲಕ್ಷ ರೂಪಾಯಿ. ತಂದೆಯವರ ಷರತ್ತು ಎರಡು: ಹತ್ತು ವರ್ಷಗಳ ತನಕ ಹೊಸದೊಂದನ್ನು ಕೇಳಕೂಡದು, ತಮಿಳು ಮಾಧ್ಯಮದಲ್ಲಿ ಓದುತ್ತಿರುವ, ಕನ್ನಡ ಮಾತಾಡಬಲ್ಲ ಆದರೆ ಓದಲಾರದ ಕಿರಿಯ ಮಗಳು ಅದೇ ಯಂತ್ರದಲ್ಲಿ ಕನ್ನಡ ಅಕ್ಷರ ಕಲಿಯುವಂತಿರಬೇಕು.

ಈ ಎರಡನೆಯ ಷರತ್ತಿನಿಂದಾಗಿ ಅವರ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆಯೂ ಆಗುತ್ತದೆ. ಧರ್ಮಪುರಿ ಸುತ್ತಿನ ಬಾರಾಮಹಲ್ ಪ್ರದೇಶ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಕೈತಪ್ಪಿತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಕಾಲ ಬೇರೆ, ಕಾರಣ ಬೇರೆ. ಆದರೆ ಮನೆಯೊಳಗೆ ಒಂದು ಭಾಷೆ, ಬೀದಿಯ ಫಲಕದಲ್ಲಿ ಇನ್ನೊಂದು ಲಿಪಿ ಎಂಬ ಸ್ಥಿತಿ ಇಬ್ಬರಿಗೂ ಒಂದೇ. ಇಂಥ ಮನೆಗೆ ಬರುವ ಯಂತ್ರ ಮಗನ ಆಟಕ್ಕೆ ಮಾತ್ರ ಮೀಸಲಾದರೆ ಲಕ್ಷ ರೂಪಾಯಿ ದುಬಾರಿಯೇ ಸರಿ.

ಮೊದಲು, ಸಿದ್ಧ ಯಂತ್ರ ಕೊಳ್ಳದೆ ಕಟ್ಟಿಸುವುದೇಕೆ ಎಂಬ ಮಾತು. ಆ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ನಾಮಕ್ಕಲ್‌ನಲ್ಲಿ ಲಾರಿಗೆ ಬಾಡಿ ಕಟ್ಟುವುದನ್ನು ನೋಡದವರು ಅಲ್ಲಿ ಕಡಮೆ. ಷಾಸಿ ಕಂಪೆನಿಯಿಂದ ಬರುತ್ತದೆ, ಉಳಿದದ್ದನ್ನು ಹೊರೆ ಏನೆಂದು ನೋಡಿ ಕಟ್ಟುತ್ತಾರೆ. ಹಲಗೆ ಹೋದರೆ ಹಲಗೆ ಬದಲಾಯಿಸುತ್ತಾರೆ, ಲಾರಿಯನ್ನೇ ಮಾರುವುದಿಲ್ಲ. ಬಿಡಿಭಾಗಗಳಿಂದ ಕಟ್ಟಿದ ಮೇಜಿನ ಕಂಪ್ಯೂಟರಿನ ಲಾಭವೂ ಇದೇ. ಆಟಕ್ಕೆಂದು ಮಾರುವ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಐದನೆಯ ವರ್ಷ ಚಿತ್ರ ತಡವರಿಸತೊಡಗಿದರೆ ಅದರಲ್ಲಿ ಮಾಡುವಂಥದು ಏನೂ ಇಲ್ಲ.

ಯಾವುದು ಬಾಳುತ್ತದೆ, ಯಾವುದು ಬಾಳದು

ಹತ್ತು ವರ್ಷದ ಯಂತ್ರವೆಂದರೆ ಹತ್ತು ವರ್ಷವೂ ಎಲ್ಲ ಭಾಗ ಹಾಗೇ ಉಳಿಯುವ ಯಂತ್ರವಲ್ಲ. ಕ್ಯಾಬಿನೆಟ್ಟು, ಎಸ್.ಎಂ.ಪಿ.ಎಸ್. ಎನ್ನುವ ವಿದ್ಯುತ್ ಪೆಟ್ಟಿಗೆ, ಮಾನಿಟರ್, ಕೀಲಿಮಣೆ, ಇವು ಒಳ್ಳೆಯವಾದರೆ ಹತ್ತು ವರ್ಷ ದುಡಿಯಬಲ್ಲವು. ಮದರ್‌ಬೋರ್ಡು ಮತ್ತು ಪ್ರೊಸೆಸರ್ ಏಳೆಂಟು ವರ್ಷ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇಗ ಹಳತಾಗುವ ವಸ್ತು. ಕೆಟ್ಟುಹೋಗುವುದೆಂದಲ್ಲ, ಆಟಗಳ ಬೇಡಿಕೆ ಅದನ್ನು ನಾಲ್ಕೈದು ವರ್ಷದಲ್ಲಿ ದಾಟಿಹೋಗುತ್ತದೆ. ಮಕ್ಕಳು ಮಾಡುವುದು ಇದರ ತಿರುಗುಮುರುಗು. ಹಣವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಅಗ್ಗದ ವಿದ್ಯುತ್ ಪೆಟ್ಟಿಗೆಯನ್ನೂ ಬೋರ್ಡನ್ನೂ ತರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕಾರ್ಡಿಗೆ ಮೂರರಲ್ಲೊಂದು ಪಾಲು ಸಾಕು. ಐದನೆಯ ವರ್ಷ ಅದೊಂದನ್ನೇ ಬದಲಿಸಲು ಈಗಿನಿಂದಲೇ ತಿಂಗಳಿಗೆ ಐನೂರು ರೂಪಾಯಿಯಂತೆ ತೆಗೆದಿಟ್ಟರೆ ಆಗ ಮೂವತ್ತು ಸಾವಿರ ಕೈಯಲ್ಲಿರುತ್ತದೆ.

ಬೋರ್ಡಿನ ಆಯ್ಕೆ ಹೇಗೆ ಆಯುಷ್ಯವನ್ನು ನಿರ್ಧರಿಸುತ್ತದೆಂಬುದಕ್ಕೆ ಈಚಿನ ಚರಿತ್ರೆಯಲ್ಲೇ ಉದಾಹರಣೆಯಿದೆ. ಎ.ಎಂ.ಡಿ. ಕಂಪೆನಿಯ ರೈಝನ್ ಪ್ರೊಸೆಸರುಗಳು 2017ರಲ್ಲಿ ಎಎಂ-4 ಎಂಬ ಸಾಕೆಟ್ಟಿನಲ್ಲಿ ಬಂದವು. ಆ ವರ್ಷ ಕೊಂಡ ಬೋರ್ಡುಗಳಲ್ಲಿ ಅನೇಕವು, 2022ರಲ್ಲಿ ದೊರೆತ ಬಯೋಸ್ ಪರಿಷ್ಕರಣೆಯಿಂದ, ಅದೇ ವರ್ಷ ಬಿಡುಗಡೆಯಾದ ಪ್ರೊಸೆಸರನ್ನೂ ಸ್ವೀಕರಿಸಿದವು. ಬೋರ್ಡು ಅದೇ, ಪೆಟ್ಟಿಗೆ ಅದೇ. ಐದು ವರ್ಷದ ಬಳಿಕ ಯಂತ್ರಕ್ಕೆ ಹೊಸ ಮೆದುಳು. 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂ-5 ಸಾಕೆಟ್ಟಿಗೂ 2027ರ ವರೆಗಾದರೂ ಬೆಂಬಲವಿರುವುದೆಂದು ಕಂಪೆನಿ ಮಾತು ಕೊಟ್ಟಿದೆ. ಇಂಟೆಲ್ ಕಂಪೆನಿ ಇದಕ್ಕಿಂತ ಬೇಗ ಸಾಕೆಟ್ ಬದಲಿಸುವ ರೂಢಿಯದು. ಆದುದರಿಂದ ದೀರ್ಘಾಯುಷ್ಯವೇ ಗುರಿಯಾದರೆ ಎಎಂ-5 ಬೋರ್ಡು, ಆರು ಕೋರುಗಳ ಮಧ್ಯಮ ಪ್ರೊಸೆಸರ್ ಎಂಬುದು ನಮ್ಮ ಸಲಹೆ. ಹನ್ನೆರಡು, ಹದಿನಾರು ಕೋರುಗಳು ಆಟಕ್ಕೆ ಬೇಕಾಗಿಲ್ಲ.

ಇಂಟೆಲ್ ಬೇಡವೆಂದೇನೂ ನಾವು ಹೇಳುವುದಿಲ್ಲ. ಆದರೆ ಅದರ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಎಳೆದುಕೊಂಡು ಹಾಳಾಗುತ್ತಿದ್ದುದನ್ನು ಕಂಪೆನಿಯೇ 2024ರಲ್ಲಿ ಒಪ್ಪಿಕೊಂಡು, ಬಯೋಸ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅದರ ಪ್ರಯೋಜನ ದೊರೆತದ್ದು ಬಿಲ್ಲು ಜೋಪಾನವಾಗಿಟ್ಟವರಿಗೆ.

ಗ್ರಾಫಿಕ್ಸ್ ಕಾರ್ಡಿನಲ್ಲಿ ನೋಡಬೇಕಾದುದು ಅದರದೇ ಸ್ಮೃತಿ. 8 ಜಿಬಿಯ ಕಾರ್ಡು ಇಂದಿಗೆ ಸಾಕಾದೀತು, ನಾಲ್ಕು ವರ್ಷದ ನಂತರ ಸಾಲದು. ವೇಗ ಸ್ವಲ್ಪ ಕಡಮೆಯಾದರೂ 16 ಜಿಬಿಯದು ಹೆಚ್ಚು ಕಾಲ ನಡೆಯುತ್ತದೆ. ಇನ್ನೊಂದು ಗುಟ್ಟು ಮಾನಿಟರಿನಲ್ಲಿದೆ. 1920×1080ರ ತೆರೆಯೆಂದರೆ ಸುಮಾರು 20.7 ಲಕ್ಷ ಬಿಂದುಗಳು. 4ಕೆ ತೆರೆಯಲ್ಲಿ ಸುಮಾರು 83 ಲಕ್ಷ. ಪ್ರತಿಯೊಂದು ಬಿಂದುವನ್ನೂ ಕಾರ್ಡೇ ಬಣ್ಣ ತುಂಬಿ ಕೊಡಬೇಕು, ಅದೂ ಸೆಕೆಂಡಿಗೆ ಅರುವತ್ತು ಸಲ. 24 ಇಂಚಿನ ಸಾಧಾರಣ ತೆರೆಯಿಟ್ಟುಕೊಂಡವನ ಕಾರ್ಡಿಗೆ ನಾಲ್ಕರಲ್ಲೊಂದು ಹೊರೆ. ಕಡಮೆ ಹೊತ್ತದ್ದು ಹೆಚ್ಚು ದಿನ ನಡೆಯುತ್ತದೆ.

ರ್‍ಯಾಮ್ ವಿಷಯದಲ್ಲಿ ಈಗ ಕಾಲ ಚೆನ್ನಾಗಿಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನು ಸಗಟಾಗಿ ಕೊಳ್ಳತೊಡಗಿದುದರಿಂದ 2025ರ ಕೊನೆಯಲ್ಲಿ ಬೆಲೆ ವಿಪರೀತ ಏರಿತು. ಆ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ರಾನ್ ಕಂಪೆನಿ, ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. 32 ಜಿಬಿ ಕೊಳ್ಳಲಾಗದಿದ್ದರೆ ಈಗ 16 ಜಿಬಿಯ ಒಂದೇ ಪಟ್ಟಿ ಹಾಕಿಸಿ, ಬೆಲೆ ಇಳಿದಾಗ ಅದೇ ಜಾತಿಯ ಇನ್ನೊಂದನ್ನು ಸೇರಿಸಬಹುದು. ಅಷ್ಟು ದಿನ ವೇಗ ತುಸು ಕಡಮೆಯಿರುತ್ತದೆ, ಅಷ್ಟೆ.

ಬಣ್ಣದ ದೀಪಗಳ ಬಗ್ಗೆ ಒಂದು ಮಾತು. ಈಗಿನ ಆಟದ ಕಂಪ್ಯೂಟರುಗಳು ಜಾತ್ರೆಯ ಸಂತೆಯಂಗಡಿಗಳ ಹಾಗೆ ಮಿನುಗುತ್ತವೆ. ನೋಡಲು ಚೆಂದವೇ, ಆದರೆ ದೀಪದಿಂದ ಆಟ ಓಡುವುದಿಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ಫ್ಯಾನು ಬರುತ್ತದೆ.

ವಿದ್ಯುತ್ತು, ಧೂಳು, ಸಿಡಿಲು

ಕಂಪ್ಯೂಟರ್ ಹಳತಾಗಿ ಸಾಯುವುದಕ್ಕಿಂತ ವಿದ್ಯುತ್ತಿನ ಕಾಟದಿಂದ ಸಾಯುವುದೇ ನಮ್ಮ ಕಡೆ ಹೆಚ್ಚೆಂದು ನಮ್ಮ ಭಾವನೆ. ಲೆಕ್ಕ ಹೀಗಿದೆ. 65 ವಾಟ್ ಎಂದು ಬರೆದ ರೈಝನ್ ಪ್ರೊಸೆಸರ್ ಹೊರೆ ಬಿದ್ದಾಗ 88 ವಾಟ್ ತನಕ ಎಳೆಯುತ್ತದೆ. ಮಧ್ಯಮ ಗ್ರಾಫಿಕ್ಸ್ ಕಾರ್ಡು ಸುಮಾರು 160. ಉಳಿದದ್ದಕ್ಕೆಲ್ಲ 60 ಎಂದಿಟ್ಟುಕೊಂಡರೆ 310 ವಾಟ್ ಆಸುಪಾಸು. ಹೀಗಿರುವಲ್ಲಿ 650 ವಾಟಿನ ಎಸ್.ಎಂ.ಪಿ.ಎಸ್. ಬೇಕೆನ್ನುವುದೇಕೆ? ಅರ್ಧ ಹೊರೆಯಲ್ಲಿ ಅದು ತಣ್ಣಗಿರುತ್ತದೆ. ಐದನೆಯ ವರ್ಷ ಬರುವ ಹೊಸ ಕಾರ್ಡಿಗೂ ಸಾಲುತ್ತದೆ. ಅದರ ಮೇಲಿನ ‘80 ಪ್ಲಸ್’ ಎಂಬ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗುತ್ತದೆಂಬುದರ ಅಳತೆಯೇ ಹೊರತು ಪೆಟ್ಟಿಗೆ ಎಷ್ಟು ಗಟ್ಟಿಯೆಂಬುದರ ಅಳತೆಯಲ್ಲ. ವಾರಂಟಿ ಎಷ್ಟು ವರ್ಷವೆಂದು ಕೇಳಿ. ಹತ್ತು ವರ್ಷ ಬರೆದುಕೊಡುವ ಪೆಟ್ಟಿಗೆಗಳೂ ಪೇಟೆಯಲ್ಲಿವೆ.

ವಿದ್ಯುತ್ ಬಿಲ್ಲಿಗೆ ಅಷ್ಟು ಹೆದರಬೇಕಾಗಿಲ್ಲ. ಮಾನಿಟರ್ ಸೇರಿ 350 ವಾಟ್ ಹಿಡಿದು ದಿನಕ್ಕೆ ಮೂರು ಗಂಟೆ ಆಡಿದರೆ ಒಂದು ಯೂನಿಟ್ಟಿಗೆ ತುಸು ಮೇಲೆ, ಎರಡು ತಿಂಗಳ ಬಿಲ್ಲಿನಲ್ಲಿ 63 ಯೂನಿಟ್. ಅಕ್ಷರ ಕಲಿಯುವ ಹೊತ್ತಿನಲ್ಲಿ ಇದರ ಮೂರರಲ್ಲೊಂದೂ ಬೇಕಾಗದು.

ಮನೆಯಲ್ಲಿ ಬ್ಯಾಟರಿಯ ಇನ್ವರ್ಟರ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಅಗ್ಗದ ಇನ್ವರ್ಟರುಗಳ ಚೌಕ ಅಲೆಯ ವಿದ್ಯುತ್ತು ಫ್ಯಾನಿಗೂ ದೀಪಕ್ಕೂ ಸಾಕು, ಈಗಿನ ಎಸ್.ಎಂ.ಪಿ.ಎಸ್.ಗಳಿಗೆ ಹಿಡಿಸುವುದಿಲ್ಲ. ಸೈನ್ ವೇವ್ ಎಂದು ಸ್ಪಷ್ಟವಾಗಿ ಬರೆದಿರುವುದೇ ಬೇಕು. ಪ್ರತ್ಯೇಕ ಯು.ಪಿ.ಎಸ್. ತರುವುದಾದರೆ ವಿ.ಎ. ಎಂಬ ಅಂಕಿ ನೋಡಿ ಮೋಸಹೋಗಬಾರದು; 600 ವಿ.ಎ.ಯದು ಸಾಮಾನ್ಯವಾಗಿ ಹೊರುವುದು 360 ವಾಟ್. 1000 ವಿ.ಎ.ಗೆ ಕಡಮೆ ಬೇಡ. ಅದು ಆಟ ಮುಂದುವರಿಸಲಿಕ್ಕಲ್ಲ, ಕೆಲಸ ಉಳಿಸಿ ಯಂತ್ರ ನಿಲ್ಲಿಸಲಿಕ್ಕೆ.

ಎಲ್ಲಕ್ಕಿಂತ ಮೊದಲು ಅರ್ತಿಂಗ್. ಕ್ಯಾಬಿನೆಟ್ಟು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಎಷ್ಟೋ ಮನೆಗಳಲ್ಲಿ ಇದೆ. ಅದಕ್ಕೆ ಕಾರಣ ಕಂಪ್ಯೂಟರಲ್ಲ. ಮೂರನೆಯ ಪಿನ್ನಿಗೆ ನೆಲದ ಸಂಪರ್ಕವಿಲ್ಲದಾಗ ವಿದ್ಯುತ್ ಪೆಟ್ಟಿಗೆಯೊಳಗಿನ ಶೋಧಕದಿಂದ ಸೋರಿದ ವಿದ್ಯುತ್ತು ಕ್ಯಾಬಿನೆಟ್ಟಿನಲ್ಲೇ ಉಳಿಯುತ್ತದೆ. ಲಕ್ಷದ ಯಂತ್ರ ತರುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೆಲದ ಗುಂಡಿಯನ್ನು ಪರೀಕ್ಷಿಸುವುದು, ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯುವುದು ಅಗತ್ಯ.

ಪಾಪಿರೆಡ್ಡಿಪಟ್ಟಿಯ ಶತ್ರು ಬೇಸಗೆಯ ಸೆಕೆ ಮತ್ತು ಹೊಲದ ಧೂಳು. ಎದುರಿನಿಂದ ಗಾಳಿ ಒಳಹೋಗುವ ಜಾಲರಿ, ಕಳಚಿ ತೊಳೆಯಬಹುದಾದ ಧೂಳುಶೋಧಕ ಇರುವ ಕ್ಯಾಬಿನೆಟ್ಟು ಅಲ್ಲಿಗೆ ತಕ್ಕದು. ಗಾಜಿನ ಮುಖದ್ದು ಬೇಡ. ನೆಲದ ಮೇಲಿಡದೆ ಒಂದಡಿ ಎತ್ತರದಲ್ಲಿಟ್ಟರೆ ಅರ್ಧ ಧೂಳು ತಪ್ಪಿತು. ನಮ್ಮ ಕರಾವಳಿಯ ಶತ್ರುಗಳು ಮಳೆಗಾಲದ ತೇವ ಮತ್ತು ತುಲಾ ಮಾಸದ ಸಿಡಿಲು. ತೇವಕ್ಕೆ ಮದ್ದೆಂದರೆ ಮಳೆಗಾಲದಲ್ಲಿ ದಿನಕ್ಕೊಮ್ಮೆ ಯಂತ್ರ ಓಡಿಸುವುದು. ಸಿಡಿಲಿಗೆ ಮದ್ದು ಪ್ಲಗ್ಗು ಕಳಚುವುದು. ಜೊತೆಗೆ ಇಂಟರ್ನೆಟ್ಟಿನ ತಂತಿಯನ್ನೂ. ಸ್ಪೈಕ್ ಗಾರ್ಡ್ ಎಂಬ ಪಟ್ಟಿ ಸಣ್ಣ ಏರುಪೇರಿಗೆ ಸರಿ, ಹತ್ತಿರ ಬಡಿದ ಸಿಡಿಲನ್ನು ಅದು ತಡೆಯದು.

ಕನ್ನಡದ ಪಾಲು

ಇನ್ನು ಮಗಳ ವಿಷಯ. 2006ರ ಕಾನೂನಿನ ಮೂಲಕ ತಮಿಳುನಾಡಿನ ಶಾಲೆಗಳಲ್ಲಿ ತಮಿಳು, 2017ರ ಕಾನೂನಿನ ಮೂಲಕ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾಯಿತು. ನೆರೆಯ ಭಾಷೆ ಕಲಿಯುವುದು ಒಳ್ಳೆಯದೇ. ಆದರೆ ಮನೆಮಾತಿನ ಅಕ್ಷರ ಶಾಲೆಯಲ್ಲಿ ಸಿಗದ ಮಗುವಿಗೆ ಅದನ್ನು ಮನೆಯೇ ಕೊಡಬೇಕಾಗುತ್ತದೆ.

ಇದಕ್ಕೆ ವಿಶೇಷ ಖರ್ಚೇನೂ ಇಲ್ಲ. ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ 2019ರಿಂದೀಚೆಗೆ ಧ್ವನ್ಯಾತ್ಮಕ ಕೀಲಿಮಣೆಯೂ ಒಳಗೇ ಇವೆ. ಲಿನಕ್ಸಿನಲ್ಲಿ ಕಗಪ ವಿನ್ಯಾಸ ಸಿದ್ಧವಾಗಿ ಸಿಗುತ್ತದೆ. ಕಗಪದ ಮೂಲ ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ವಿನ್ಯಾಸವೆಂಬುದು ನಮ್ಮ ಕಡೆಯವರಿಗೆ ಹೆಮ್ಮೆಯ ಸಂಗತಿ. ಅದರಲ್ಲಿ ‘ಕೆ’ ಒತ್ತಿದರೆ ಕ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ‘ಅಕ್ಕ’ ಎಂದು ಬರೆಯಲು ಹುಡುಗಿಗೆ ಮೊದಲ ದಿನವೇ ಬರುತ್ತದೆ. ಕರ್ನಾಟಕದ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಒಂದನೆಯ ತರಗತಿಯ ಕನ್ನಡ ಪುಸ್ತಕ ಇಳಿಸಿಕೊಂಡರೆ ಪಾಠ ಆರಂಭಿಸಬಹುದು. ಅಣ್ಣನಿಗೂ ತಂಗಿಗೂ ಪ್ರತ್ಯೇಕ ಖಾತೆ ತೆರೆಯಿರಿ, ಹೊತ್ತು ಗೊತ್ತುಮಾಡಿರಿ. ಇಲ್ಲವಾದರೆ ತಂಗಿಯ ಸರದಿ ಬರುವುದೇ ಇಲ್ಲ. ಅಣ್ಣಂದಿರನ್ನು ನಾವು ಬಲ್ಲೆವು.

ಲಿನಕ್ಸಿನ ಮಾತು ಬಂದುದಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ಮುಗಿದಾಗ, ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರುಗಳು ವಿಂಡೋಸ್ 11ರ ಷರತ್ತುಗಳಿಗೆ ಹೊಂದದೆ ಹೊರಗುಳಿದವು. ಹತ್ತು ವರ್ಷದ ಲೆಕ್ಕದಲ್ಲಿ ಹೀಗೆ ಇನ್ನೊಮ್ಮೆ ಆಗಬಹುದು. ಆಗ ಲಿನಕ್ಸ್ ಹಾಕಿದರೆ ಯಂತ್ರ ಮುಂದುವರಿಯುತ್ತದೆ. ಕೆಲವು ಆಟಗಳು ಓಡದಿದ್ದರೂ ಕನ್ನಡ ಓಡುತ್ತದೆ.

ಆಟ ಎಂದೊಡನೆ ಹಣ ಕಟ್ಟಿ ಆಡುವುದೆಂದು ಹೆದರುವ ಹಿರಿಯರಿದ್ದಾರೆ. ಅಂಥ ಹಣದಾಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟಿನ ಕಾಯಿದೆಯಿಂದ ನಿಷೇಧಿಸಿತು. ಹಾಗೆಂದು ತಂದೆಯ ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ಯಂತ್ರದಲ್ಲಿ ಉಳಿಸಿಡಬೇಕಾದ್ದಿಲ್ಲ.

ಕೊಳ್ಳುವುದೆಲ್ಲಿ? ಬೊಮ್ಮಿಡಿಯಲ್ಲಿ ರೈಲು ಹತ್ತಿದರೆ ಚೆನ್ನೈಯ ರಿಚಿ ಸ್ಟ್ರೀಟ್. ಧರ್ಮಪುರಿಗೆ ಬಂದು ಕೃಷ್ಣಗಿರಿ, ಹೊಸೂರು ದಾರಿಯಾಗಿ ಹೋದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಎರಡು ಕಡೆಯೂ ನಾಲ್ಕು ಅಂಗಡಿ ವಿಚಾರಿಸದೆ ದುಡ್ಡು ತೆಗೆಯಬಾರದು. ಶೇಕಡಾ 18 ತೆರಿಗೆ ಉಳಿಯುತ್ತದೆಂದು ಬಿಲ್ಲಿಲ್ಲದೆ ತಂದರೆ ಮೂರನೆಯ ವರ್ಷ ವಾರಂಟಿ ಕೇಳಲು ಮುಖವಿಲ್ಲ. ಬಿಲ್ಲಿನ ಕಾಗದ ಮಾಸಿಹೋಗುವುದುಂಟು. ಅದನ್ನೂ ಪ್ರತಿ ಭಾಗದ ಮೇಲಿನ ಕ್ರಮಸಂಖ್ಯೆಯನ್ನೂ ಅಂದೇ ಚಿತ್ರ ತೆಗೆದಿಡಿ. ಖಾಲಿ ಡಬ್ಬಗಳನ್ನು ಅಟ್ಟಕ್ಕೇರಿಸಿ, ಇಲಿ ಸಿಗದಂತೆ. ಕಾರ್ಡನ್ನು ರಿಪೇರಿಗೆ ಕಳುಹಿಸುವಾಗಲೂ ಐದನೆಯ ವರ್ಷ ಮಾರುವಾಗಲೂ ಅವು ಬೇಕಾಗುತ್ತವೆ. ಅದೇ ಪೇಟೆಯಲ್ಲಿ ಕೀಲಿಮಣೆಗೆ ಅಂಟಿಸುವ ಕನ್ನಡ ಅಕ್ಷರಗಳ ಹಾಳೆ ಸಿಗುವುದೋ ಎಂದು ಬೆಂಗಳೂರಿನಲ್ಲೇ ವಿಚಾರಿಸಿ ಬನ್ನಿ. ಚೆನ್ನೈಯಲ್ಲಿ ಅದು ಸಿಗುವ ಭರವಸೆ ನಮಗಿಲ್ಲ.