ಭಿತ್ತಿಚಿತ್ರ ಮತ್ತು ಪ್ರತಿಕೃತಿ: ಹೈದರಾಬಾದ್ ಸಂಸ್ಥಾನದ ಅನುಭವದ ಹಿನ್ನೆಲೆಯಲ್ಲಿ

ಗುಡಿ, ಗುಹೆ, ಬಸದಿ, ಮಠಗಳ ಗೋಡೆ ಹಾಗೂ ಛಾವಣಿಗಳ ಮೇಲಿನ ಚಿತ್ರಗಳು ಕಲ್ಲಿನ ಶಿಲ್ಪಗಳಷ್ಟು ಗಟ್ಟಿಯಾದವಲ್ಲ. ಸೋರುವ ಮಳೆನೀರು, ದೀಪದ ಹೊಗೆ, ಬಾವಲಿಗಳ ಹಿಕ್ಕೆ, ಜೀರ್ಣೋದ್ಧಾರದ ಹೆಸರಿನಲ್ಲಿ ಬಳಿಯುವ ಸುಣ್ಣ ಇವೆಲ್ಲವೂ ಅವುಗಳ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ಇಂಥ ಚಿತ್ರಗಳನ್ನು ಉಳಿಸಿಕೊಳ್ಳಲು ಸಮಾಜ ಎರಡು ಮಾರ್ಗಗಳನ್ನು ಕಂಡುಕೊಂಡಿದೆ. ಮೊದಲನೆಯದು ಅದೇ ಗೋಡೆಯ ಮೇಲೆ ಹೊಸ ಬಣ್ಣ ಹಚ್ಚುವುದು. ಎರಡನೆಯದು ಬಟ್ಟೆ ಅಥವಾ ಕಾಗದದ ಮೇಲೆ ಕೈಯಿಂದ ಪ್ರತಿಕೃತಿ ಬರೆಯುವುದು. ಮೊದಲನೆಯದು ಆರಾಧನೆಯ ಮಾರ್ಗವಾದರೆ ಎರಡನೆಯದು ದಾಖಲಾತಿಯ ಮಾರ್ಗ.

ಎರಡನೆಯ ಮಾರ್ಗದ ಅತಿದೊಡ್ಡ ಪ್ರಯೋಗ ನಡೆದುದು ಅಜಂತೆಯಲ್ಲಿ. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ ಮೊದಲಾದ ರಾಯಚೂರು ಸೀಮೆಯ ಊರುಗಳಂತೆ ಅಜಂತೆಯೂ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆದ್ದರಿಂದ ಆ ಪ್ರಯೋಗದ ಚರಿತ್ರೆ ಈ ಭಾಗದ ಸಾಂಸ್ಕೃತಿಕ ಚರಿತ್ರೆಗೆ ಹೊರಗಿನದಲ್ಲ.

1819ರಲ್ಲಿ ಬ್ರಿಟಿಷ್ ಅಧಿಕಾರಿಗಳ ಗಮನಕ್ಕೆ ಬಂದ ಈ ಬೌದ್ಧ ಗುಹೆಗಳ ಚಿತ್ರಗಳನ್ನು ನಕಲು ಮಾಡಲು 1844ರಲ್ಲಿ ಮದರಾಸು ಸೈನ್ಯದ ರಾಬರ್ಟ್ ಗಿಲ್ ನೇಮಕಗೊಂಡನು. ಸುಮಾರು ಎರಡು ದಶಕಗಳ ಶ್ರಮದಿಂದ ಅವನು ತೈಲವರ್ಣದಲ್ಲಿ ರಚಿಸಿದ ಪ್ರತಿಕೃತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ ಸಮೀಪದ ಕ್ರಿಸ್ಟಲ್ ಪ್ಯಾಲೇಸ್‌ನ ಬೆಂಕಿಗೆ ಆಹುತಿಯಾದವು. ಅನಂತರ ಮುಂಬಯಿಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ 1872ರಿಂದ 1885ರವರೆಗೆ ತನ್ನ ಭಾರತೀಯ ವಿದ್ಯಾರ್ಥಿಗಳೊಂದಿಗೆ ಈ ಕಾರ್ಯವನ್ನು ಮುಂದುವರಿಸಿದನು. ಅವುಗಳಲ್ಲಿಯೂ ಹಲವು 1885ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಬೆಂಕಿಯಲ್ಲಿ ಸುಟ್ಟುಹೋದವು. ಮೂಲಕ್ಕಿಂತ ಮೊದಲು ಪ್ರತಿಯೇ ನಾಶವಾದುದು ಇಲ್ಲಿಯ ವಿಪರ್ಯಾಸ. ಆದರೂ ಉಳಿದ ಪ್ರತಿಗಳಲ್ಲಿ ಇಂದು ಗೋಡೆಯ ಮೇಲೆ ಕಾಣದ ವಿವರಗಳು ಸಿಗುತ್ತವೆ ಎಂಬುದು ಗಮನಾರ್ಹ.

1909ರಿಂದ 1911ರ ಅವಧಿಯಲ್ಲಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಂ ಎಂಬ ಕಲಾವಿದೆ ಮತ್ತೊಮ್ಮೆ ಪ್ರತಿಕೃತಿಗಳನ್ನು ಸಿದ್ಧಪಡಿಸಿದರು. ಅವರ ತಂಡದಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮುಂತಾದವರೊಡನೆ ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರೂ, ಹೈದರಾಬಾದಿನ ಸೈಯದ್ ಅಹ್ಮದ್ ಅವರೂ ಇದ್ದರು. ಆ ಪ್ರತಿಕೃತಿಗಳು 1915ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. 1914ರಲ್ಲಿ ಸ್ಥಾಪಿತವಾದ ಹೈದರಾಬಾದ್ ಪುರಾತತ್ವ ಇಲಾಖೆ, ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಈ ಕೆಲಸವನ್ನು ಸಂಸ್ಥಾನದ ಹೊಣೆಯಾಗಿ ಕೈಗೆತ್ತಿಕೊಂಡಿತು. ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ವಸ್ತುಸಂಗ್ರಹಾಲಯದ ಅಜಂತಾ ಪ್ರತಿಕೃತಿಗಳು ಈ ಪರಂಪರೆಗೆ ಸೇರಿದವು. ಕರ್ನಾಟಕದಲ್ಲಿ ಬಾದಾಮಿಯ ಮೂರನೆಯ ಗುಹೆಯ ಚಿತ್ರಾವಶೇಷಗಳನ್ನು ಮುಂಬಯಿಯ ಕಲಾವಿದ ಜೆ.ಎಂ. ಅಹಿವಾಸಿಯವರು ಪ್ರತಿ ಮಾಡಿದುದನ್ನೂ ಇಲ್ಲಿ ನೆನೆಯಬೇಕು.

ಪ್ರತಿಕೃತಿಕಾರನ ಕೆಲಸ ಕೇವಲ ನಕಲಲ್ಲ. ಪಾರದರ್ಶಕ ಕಾಗದದ ಮೇಲೆ ರೇಖೆಗಳನ್ನು ಇಳಿಸಿಕೊಂಡು, ಅವನ್ನು ಬೇರೊಂದು ಹಾಳೆಗೆ ವರ್ಗಾಯಿಸಿ, ಬಳಿಕ ಮೂಲದ ಎದುರಿನಲ್ಲಿಯೇ ಬಣ್ಣ ತುಂಬಬೇಕು. ಗಾರೆ ಉದುರಿದ ಕಡೆ ಆ ಖಾಲಿಯನ್ನು ಹಾಗೆಯೇ ಬಿಡಬೇಕೇ, ಊಹಿಸಿ ತುಂಬಬೇಕೇ ಎಂಬುದು ಪ್ರತಿ ಹಂತದಲ್ಲಿಯೂ ಎದುರಾಗುವ ಪ್ರಶ್ನೆ. ಊಹೆಯಿಂದ ತುಂಬಿದ ಭಾಗವನ್ನು ಗುರುತಿಸದಿದ್ದರೆ ಅದು ಮುಂದಿನ ಪೀಳಿಗೆಗೆ ಸಾಕ್ಷ್ಯವಾಗಿಬಿಡುತ್ತದೆ. ಇದಲ್ಲದೆ, ಮಸುಕಾದ ಬಣ್ಣಗಳು ಸ್ಪಷ್ಟವಾಗಿ ಕಾಣಲೆಂದು ಗ್ರಿಫಿತ್ಸ್ ತಂಡ ಮೂಲಚಿತ್ರಗಳಿಗೇ ವಾರ್ನಿಷ್ ಹಚ್ಚಿತು. ಅದು ಕಾಲಾಂತರದಲ್ಲಿ ಕಪ್ಪಾಗಿ ಚಿತ್ರಗಳಿಗೆ ಹಾನಿ ಮಾಡಿತು. ಉಳಿಸುವ ಉದ್ದೇಶದ ಕ್ರಿಯೆಯೇ ಹಾನಿಗೆ ಕಾರಣವಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಇದಕ್ಕೆ ಪ್ರತಿಯಾಗಿ ಜನಪದರ ಮಾರ್ಗವನ್ನು ಗಮನಿಸಬಹುದು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಜಾತ್ರೆಗೆ ಮೊದಲು ಗ್ರಾಮದೇವತೆಯ ಕಟ್ಟಿಗೆಯ ಮೂರ್ತಿಯನ್ನು ‘ಬಣ್ಣಕ್ಕೆ’ ಕಳಿಸುವ ಪದ್ಧತಿಯಿದೆ. ಹಳೆಯ ಬಣ್ಣ ಹೋಗಿ ಹೊಸ ಬಣ್ಣ ಬಂದರೂ ಭಕ್ತರ ದೃಷ್ಟಿಯಲ್ಲಿ ದೇವಿ ಬೇರೆಯಾಗುವುದಿಲ್ಲ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ, ಈಗ ಕೊಪ್ಪಳ ಜಿಲ್ಲೆಗೆ ಸೇರಿದ ಕಿನ್ನಾಳದ ಚಿತ್ರಗಾರ ಮನೆತನಗಳು ಇಂಥ ವರ್ಣಕಾರ್ಯದಲ್ಲಿ ಹೆಸರಾದವು. ಹುಣಸೆಬೀಜದ ಅಂಟು ಅವರ ಮುಖ್ಯ ಸಾಮಗ್ರಿಗಳಲ್ಲೊಂದು. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಕಾರರು ತಮ್ಮ ಪೂರ್ವಜರೆಂಬ ನಂಬಿಕೆ ಈ ಮನೆತನಗಳಲ್ಲಿದೆ.

ಆ ದೇವಾಲಯದ ರಂಗಮಂಟಪದ ಛಾವಣಿಯೇ ಸಮಸ್ಯೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಗಿರಿಜಾ ಕಲ್ಯಾಣ, ಅರ್ಜುನನ ಮತ್ಸ್ಯಯಂತ್ರ ಭೇದನ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಮೊದಲಾದ ಚಿತ್ರಗಳು ವಿಜಯನಗರ ಕಾಲದವೆಂದು ಕೆಲವರು, ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದವೆಂದು ಕೆಲವರು ಅಭಿಪ್ರಾಯಪಡುತ್ತಾರೆ. ಮರುಬಣ್ಣಕ್ಕೆ ಮೊದಲಿನ ಪ್ರತಿಯೊಂದು ಇದ್ದಿದ್ದರೆ ಈ ಚರ್ಚೆ ಬೇರೆಯೇ ನೆಲೆಯಲ್ಲಿ ನಡೆಯುತ್ತಿತ್ತು. ನದಿಯಾಚೆ, ನಿಜಾಮರ ಸೀಮೆಯಲ್ಲಿದ್ದ ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಛಾವಣಿ ಚಿತ್ರಗಳ ವಿಷಯದಲ್ಲಿಯೂ ಇಂಥ ಎಚ್ಚರ ಅಗತ್ಯ.

ಮರುಬಣ್ಣ ಆರಾಧನೆಯನ್ನು ಮುಂದುವರಿಸುತ್ತದೆ, ಆದರೆ ಹಿಂದಿನ ಕೈಯನ್ನು ಮುಚ್ಚುತ್ತದೆ. ಪ್ರತಿಕೃತಿ ಹಿಂದಿನ ಕೈಯನ್ನು ತೋರಿಸುತ್ತದೆ, ಆದರೆ ಆರಾಧನೆಯ ಪರಿಸರದಿಂದ ಚಿತ್ರವನ್ನು ಬೇರ್ಪಡಿಸುತ್ತದೆ. ಇವೆರಡನ್ನೂ ವಿರೋಧಿಗಳೆಂದು ಭಾವಿಸಬೇಕಾಗಿಲ್ಲ. ಛಾಯಾಚಿತ್ರ ಕ್ಷಣದಲ್ಲಿ ಸಿಗುವ ಈ ಕಾಲದಲ್ಲಿಯೂ ರೇಖೆಯ ಓಟ, ಬಣ್ಣದ ಪದರ, ಕುಂಚದ ಕ್ರಮಗಳನ್ನು ಕೈಯೇ ಕೈಗೆ ಕಲಿಸಬೇಕು. ಊರಿನವರು ಗುಡಿಗೆ ಹೊಸ ಬಣ್ಣ ಹಚ್ಚಿಸಲು ನಿರ್ಧರಿಸಿದಾಗ, ಅದಕ್ಕೆ ಮೊದಲು ಸ್ಥಳೀಯ ಚಿತ್ರಗಾರರಿಂದಲೇ ಒಂದು ಪ್ರತಿಯನ್ನು ಮಾಡಿಸಿ, ಅದರಲ್ಲಿ ಕಾಲ, ಚಿತ್ರಗಾರನ ಹೆಸರು ಹಾಗೂ ಮೂಲದಲ್ಲಿ ಅಳಿದ ಭಾಗಗಳನ್ನು ನಮೂದಿಸುವುದು ಕಷ್ಟದ ಕೆಲಸವಲ್ಲ. ಅಜಂತೆಗೆ ಒಂದು ಸಂಸ್ಥಾನ ತೋರಿದ ಕಾಳಜಿ ಸಣ್ಣ ಊರುಗಳ ಗುಡಿ ಮಠಗಳಿಗೂ ದೊರೆತಾಗ ಮಾತ್ರ ಈ ಸೀಮೆಯ ಚಿತ್ರಪರಂಪರೆಯ ಚರಿತ್ರೆಯನ್ನು ಆಧಾರಸಹಿತವಾಗಿ ಬರೆಯಲು ಸಾಧ್ಯವಾದೀತು.