ಹನ್ನೊಂದರಲ್ಲಿ ಒಬ್ಬನಾಗುವ ಮೊದಲು

ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೊರಟರೆ ಹೆಚ್ಚುಕಡಿಮೆ ನಡುದಾರಿಯಲ್ಲಿ ತೋರಣಗಲ್ಲು ಸಿಗುತ್ತದೆ. ಸಂಡೂರು ತಾಲ್ಲೂಕಿನ ಈ ಊರಿನ ಹೆಸರೆತ್ತಿದರೆ ಉಕ್ಕಿನ ಕಾರ್ಖಾನೆ, ಅದಿರಿನ ಲಾರಿಗಳ ಸಾಲು, ಗಿಡಮರದ ಮೇಲೆ ಕೂತ ಕೆಂಧೂಳು ನೆನಪಾಗುತ್ತವೆ. ಇಲ್ಲಿ ಮನುಷ್ಯರನ್ನು ಹದಗೊಳಿಸುವ ಅಂಗಳವೂ ಒಂದಿದೆ ಎಂಬುದು ನಮ್ಮ ಜಿಲ್ಲೆಗಳವರಿಗೇ ಅಷ್ಟಾಗಿ ಗೊತ್ತಿಲ್ಲ. 2018ರ ಆಗಸ್ಟ್ 15ರಂದು ಜೆಎಸ್‌ಡಬ್ಲ್ಯು ಸಮೂಹ 42 ಎಕರೆಯಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅದು. ಚಿಕ್ಕದಾಗಿ ಐಐಎಸ್. ಒಲಿಂಪಿಕ್ಸ್ ಮಟ್ಟದ ಕ್ರೀಡಾಪಟುಗಳಿಗಾಗಿ ಖಾಸಗಿ ಹಣದಲ್ಲಿ ಎದ್ದು ನಿಂತ ಈ ಬಗೆಯ ಕೇಂದ್ರ ದೇಶದಲ್ಲಿ ಇದೇ ಮೊದಲು. ಶುರುವಾದದ್ದು ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಎಂಬ ನಾಲ್ಕು ವಿಭಾಗಗಳಿಂದ.

ನೀರಜ್ ಚೋಪ್ರಾ ಅವರ ಕಥೆಯಲ್ಲೂ ಈ ಜಾಗಕ್ಕೆ ಪಾಲಿದೆ. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಚೇತರಿಸಿಕೊಂಡು ಮತ್ತೆ ಜಾವೆಲಿನ್ ಹಿಡಿಯಲು ಅಣಿಯಾದದ್ದು ಇಲ್ಲಿ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಟೋಕಿಯೊಗೆ ಅರ್ಹತೆ ಪಡೆದರು. ಚಿನ್ನದ ದಿನ ಎಲ್ಲರಿಗೂ ನೆನಪಿದೆ. ಅದಕ್ಕೂ ಮುಂಚಿನ, ಪ್ರೇಕ್ಷಕರೇ ಇಲ್ಲದ ತಿಂಗಳುಗಳ ಬಗ್ಗೆ ಈ ಬರಹ.

ಇದೇ ಆವರಣದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ವಸತಿ ಅಕಾಡೆಮಿಯೂ ಇದೆ. ಹದಿಹರೆಯದ ಹುಡುಗರು ಮನೆ ಬಿಟ್ಟು ಬಂದು, ಇಲ್ಲೇ ಉಂಡು, ಇಲ್ಲೇ ಮಲಗಿ, ಓದು ಮತ್ತು ಆಟ ಎರಡನ್ನೂ ಸಾಗಿಸುತ್ತಾರೆ. ಕ್ಲಬ್ಬಿನ ಹಿರಿಯರ ತಂಡವೂ ಋತು ಆರಂಭವಾಗುವ ಮುನ್ನ ತರಬೇತಿಗಾಗಿ ಇಲ್ಲಿಗೆ ಬಂದಿದೆ. ಇಂಡಿಯನ್ ಸೂಪರ್ ಲೀಗ್ ಸಾಮಾನ್ಯವಾಗಿ ಶುರುವಾಗುತ್ತಿದ್ದದ್ದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ. ಹೀಗಾಗಿ ಜುಲೈ, ಆಗಸ್ಟ್ ತಿಂಗಳುಗಳು ತಾಲೀಮಿನ ಕಾಲವಾಗಿದ್ದವು. ಕರಾವಳಿ, ಮಲೆನಾಡುಗಳಲ್ಲಿ ಮಳೆ ಹಿಡಿದು ಕೂತಾಗ ಬಳ್ಳಾರಿ ಸೀಮೆಯಲ್ಲಿ ಬರೀ ಮೋಡ, ನಡುನಡುವೆ ಒಂದಿಷ್ಟು ಹನಿ. ಬೇಸಿಗೆಯಲ್ಲಿ ಬೆಂಕಿಯಂತಿರುವ ಈ ನೆಲ ಆಗ ಓಡುವವರಿಗೆ ಒಪ್ಪುತ್ತದೆ.

ಹೊಸಬನೊಬ್ಬನನ್ನು ಆರಂಭದ ಹನ್ನೊಂದರೊಳಗೆ ನಿಲ್ಲಿಸುವುದು ಹೇಗೆ? ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈ ಪ್ರಶ್ನೆಗೆಂದೇ ಒಂದು ಕಾಲವಿದೆ. ಅಲ್ಲಿನ ಆಟ ಬೇರೆ. ಚೆಂಡು ಕೈಯಲ್ಲಿರುತ್ತದೆ, ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನೇ ತಂಡದ ದಾಳಿಯನ್ನೆಲ್ಲ ನಡೆಸುತ್ತಾನೆ. ಪಂದ್ಯಗಳು ಆಗಸ್ಟ್ ಕೊನೆಯಿಂದ. ಆದರೆ ಹೊಸ ಕ್ವಾರ್ಟರ್‌ಬ್ಯಾಕ್ ಯಾರೆಂಬ ಹುಡುಕಾಟ ವಸಂತದಲ್ಲೇ ಶುರು. ವಸಂತದ ಅಭ್ಯಾಸಕ್ಕೆ ನಿಯಮ ಕೊಡುವುದು 15 ದಿನ ಮಾತ್ರ. ಆ ಹುಡುಗನಿಗೆ ಬೇರೆ ಬಣ್ಣದ ಅಂಗಿ ತೊಡಿಸುತ್ತಾರೆ. ಅವನನ್ನು ಯಾರೂ ಕೆಡವಬಾರದು ಎಂಬುದಕ್ಕೆ ಅದು ಗುರುತು. ಪೆಟ್ಟಿನ ಭಯವಿಲ್ಲದೆ ತಪ್ಪು ಮಾಡಲಿ, ತಪ್ಪಿನಿಂದ ಕಲಿಯಲಿ ಎಂಬ ಲೆಕ್ಕ. ನನಗೆ ಈ ಅಂಗಿಯ ವ್ಯವಸ್ಥೆ ಬಹಳ ಹಿಡಿಸಿತು. ಕಲಿಯುವವನಿಗೆ ರಕ್ಷಣೆ ಕೊಡುವುದು ತರಬೇತಿಯ ಅರ್ಧ ಕೆಲಸ.

ನಮ್ಮ ಫುಟ್‌ಬಾಲ್‌ನಲ್ಲಿ ಆ ಹೊಣೆ ಒಬ್ಬನ ಮೇಲಿಲ್ಲ, ಹಂಚಿಹೋಗಿದೆ. ಒಂದು ಪಾಲು ಗೋಲ್‌ಕೀಪರನದು. ಬೇರೆ ಸ್ಥಾನದವರು ಅರ್ಧ ಗಂಟೆಗಾದರೂ ಬದಲಿಯಾಗಿ ಇಳಿಯಬಹುದು. ಗೋಲು ಕಾಯುವ ಜಾಗ ಒಂದೇ, ಅದರಲ್ಲಿ ಒಬ್ಬನಿದ್ದರೆ ಇನ್ನೊಬ್ಬ ಕಾಯಲೇಬೇಕು. ಗುರುಪ್ರೀತ್ ಸಿಂಗ್ ಸಂಧು 2017ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಆ ಜಾಗ ಹೆಚ್ಚಾಗಿ ಅವರದೇ. ಇನ್ನೊಂದು ಪಾಲು ನಡು ಅಂಗಳದ ಮಿಡ್‌ಫೀಲ್ಡರನದು. ಚೆಂಡು ಕಾಲಿಗೆ ಬರುವ ಮುನ್ನವೇ ಅವನು ಭುಜದ ಮೇಲಿಂದ ಹಿಂದೆ ಮುಂದೆ ಕಣ್ಣಾಡಿಸಿರಬೇಕು. ಬಂದ ಮೇಲೆ ನೋಡುತ್ತೇನೆಂದರೆ ಎದುರಾಳಿ ಮೈಮೇಲಿರುತ್ತಾನೆ. ಅದಕ್ಕೇ ಸಣ್ಣ ಚೌಕದೊಳಗೆ ಐದಾರು ಜನರನ್ನು ನಿಲ್ಲಿಸಿ, ನಡುವೆ ಇಬ್ಬರನ್ನು ಚೆಂಡು ಕಸಿಯಲು ಬಿಟ್ಟು, ಒಂದೇ ತಟ್ಟಿನಲ್ಲಿ ಚೆಂಡು ದಾಟಿಸುವ ಆಟ ಆಡಿಸುತ್ತಾರೆ. ಚೌಕವನ್ನು ಕಿರಿದು ಮಾಡುತ್ತ ಹೋದಂತೆ ಯೋಚನೆಗೆ ಸಿಗುವ ಸಮಯವೂ ಕಿರಿದಾಗುತ್ತದೆ. ಜೊತೆಗೆ ದನಿ ಬೇಕು. ಮಣಿಪುರ, ಮಿಜೋರಾಂ, ಕೇರಳ, ತಮಿಳುನಾಡು, ಕರ್ನಾಟಕದ ಹುಡುಗರು ಕೂಡಿದ ತಂಡದಲ್ಲಿ ಕೂಗಿ ಹೇಳಿದ್ದು ಎಲ್ಲರಿಗೂ ತಿಳಿಯಬೇಕು. ಸಂಕೋಚದ ಹುಡುಗನಿಗೆ ಪಾಸ್ ಕಲಿಸುವುದಕ್ಕಿಂತ ಹಿರಿಯರತ್ತ ಕೂಗಿ ‘ಇಲ್ಲಿ ನಿಲ್ಲಿ’ ಎನ್ನುವಷ್ಟು ಧೈರ್ಯ ಕಲಿಸುವುದು ಕಷ್ಟ.

ಹೊಸಬನೊಬ್ಬ ಹನ್ನೊಂದರೊಳಗೆ ಬರುವುದಕ್ಕೆ ಕ್ಲಬ್ಬಿನ ಇತ್ತೀಚಿನ ಚರಿತ್ರೆಯಲ್ಲಿ ಒಳ್ಳೆಯ ಉದಾಹರಣೆ ಶಿವಶಕ್ತಿ ನಾರಾಯಣನ್. ತಮಿಳುನಾಡಿನ ಶಿವಗಂಗೆ ಜಿಲ್ಲೆಯವರು, ಅಲ್ಲೇ ಆಟ ಕಲಿತು ಬೆಂಗಳೂರಿಗೆ ಬಂದವರು. ಸಮಸ್ಯೆಯೆಂದರೆ ಅವರದು ಮುಂಚೂಣಿಯ ಸ್ಥಾನ. ಆ ಕ್ಲಬ್ಬಿನಲ್ಲಿ 2013ರಿಂದ ಮುಂಚೂಣಿ ಎಂದರೆ ಸುನಿಲ್ ಛೆಟ್ರಿ. 2022ರ ಏಪ್ರಿಲ್, ಮೇ ತಿಂಗಳುಗಳಲ್ಲಿ, ದೊಡ್ಡ ಲೀಗ್ ಮುಗಿದು ಸ್ಟೇಡಿಯಮ್ಮುಗಳು ಖಾಲಿಯಾದಾಗ, ಗೋವಾದಲ್ಲಿ ಯುವಕರಿಗಾಗಿ ಮೊದಲ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ನಡೆಯಿತು. ಬೆಂಗಳೂರಿನ ಕಿರಿಯರು ಚಾಂಪಿಯನ್ನರಾದರು. ಶಿವಶಕ್ತಿ ಆ ತಂಡದಲ್ಲಿದ್ದರು. ಅದೇ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಫೈನಲ್. ಮುಂಬೈ ಸಿಟಿ ವಿರುದ್ಧ ಮೊದಲ ಗೋಲು 21 ವರ್ಷದ ಶಿವಶಕ್ತಿಯದು. ಬೆಂಗಳೂರು 2–1ರಿಂದ ಗೆದ್ದಿತು. ಮುಂದಿನ ಲೀಗಿನಲ್ಲಿ ಕೋಚ್ ಸೈಮನ್ ಗ್ರೇಸನ್, ಮುಂಚೂಣಿಯ ರಾಯ್ ಕೃಷ್ಣ ಜೊತೆ ಈ ಹುಡುಗನನ್ನು ಇಳಿಸುತ್ತ ಹೋದರು, ಛೆಟ್ರಿ ಎಷ್ಟೋ ಸಲ ಬೆಂಚಿನಿಂದ ಎದ್ದು ಬಂದರು. ತಂಡ ಲೀಗ್ ಹಂತದ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದು ಫೈನಲ್‌ವರೆಗೆ ನಡೆಯಿತು. 2023ರ ಮಾರ್ಚ್ 18ರ ಆ ಫೈನಲ್‌ನಲ್ಲಿ ಆಟ ಶುರುವಾದ ಕೆಲವೇ ನಿಮಿಷದಲ್ಲಿ ಶಿವಶಕ್ತಿ ಗಾಯಗೊಂಡು ಹೊರನಡೆದರು. ಅವರ ಜಾಗಕ್ಕೆ ಬಂದ 38ರ ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಶೂಟೌಟ್‌ನಲ್ಲಿ ಕಪ್ ಕೈತಪ್ಪಿತು. ಆದರೂ ಆ ಋತುವಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಶಿವಶಕ್ತಿಗೆ ಬಂತು. ಹಿಂದಿನ ಋತುವಿನಲ್ಲಿ ಅದು ಇದೇ ಕ್ಲಬ್ಬಿನ ರೋಷನ್ ಸಿಂಗ್ ಅವರದಾಗಿತ್ತು.

ಹಿರಿಯನೊಬ್ಬ ಬೆಂಚಿನ ಮೇಲೆ ಕೂತು ಕಿರಿಯನಿಗೆ ಜಾಗ ಬಿಡುವುದು ಸಣ್ಣ ಮಾತಲ್ಲ. ಭಾರತದಲ್ಲಿ ಅದು ಇನ್ನೂ ಅಪರೂಪ. 2021–22ರಿಂದ ಲೀಗಿನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಮಾತ್ರ ಇಳಿಸಬಹುದೆಂದಾಯಿತು. ಆ ನಾಲ್ವರನ್ನು ಕ್ಲಬ್ಬುಗಳು ಎಲ್ಲಿ ನಿಲ್ಲಿಸುತ್ತವೆ ನೋಡಿ: ಹೆಚ್ಚಾಗಿ ಅಂಗಳದ ನಡು ಬೆನ್ನೆಲುಬಿನಲ್ಲೇ. ನಮ್ಮ ಹುಡುಗರಿಗೆ ಉಳಿಯುವುದು ಅಂಚಿನ ಜಾಗಗಳು. ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿ ಆಡದೆ ನಿರ್ಧಾರ ತೆಗೆದುಕೊಳ್ಳಲು ಬರುವುದಿಲ್ಲ. ಅಕಾಡೆಮಿಯಲ್ಲಿ ಎಷ್ಟೇ ಒಳ್ಳೆಯ ತಾಲೀಮು ನಡೆದರೂ ಪಂದ್ಯದ ನಿಮಿಷಗಳು ಸಿಗದಿದ್ದರೆ ಅದು ಅರ್ಧಕ್ಕೇ ನಿಂತಂತೆ.

ಈ ನೆಲಕ್ಕೆ ತಾಲೀಮು ಹೊಸದಲ್ಲ. 1520ರ ಆಸುಪಾಸಿನಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಕೃಷ್ಣದೇವರಾಯನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ಅರಸು ಎಳ್ಳೆಣ್ಣೆ ಕುಡಿದು, ಮೈಗೂ ಸವರಿಕೊಂಡು, ಮಣ್ಣಿನ ದೊಡ್ಡ ಭಾರಗಳನ್ನು ಎತ್ತಿ, ಕತ್ತಿ ವರಸೆ ಮಾಡಿ, ಕುಡಿದ ಎಣ್ಣೆ ಬೆವರಾಗಿ ಇಳಿದ ಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿಗೆ ನಿಲ್ಲುತ್ತಿದ್ದ. ಆಮೇಲೆ ಕುದುರೆ ಸವಾರಿ. ಪಟ್ಟ ಏರಿದ ಮೇಲೂ ಅಭ್ಯಾಸ ಬಿಡದ ದೊರೆ ಅವನು. ಕಂಪ್ಲಿಯ ಗಂಡುಗಲಿ ಕುಮಾರರಾಮನ ಕಥೆ ತಿರುವು ಪಡೆಯುವುದಂತೂ ಚೆಂಡಾಟದಿಂದಲೇ: ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬಿತ್ತು, ತರಲು ಹೋದ ರಾಮನಿಗೆ ಅಪವಾದ ಅಂಟಿತು. ಇಲ್ಲಿನ ಹಳ್ಳಿಗಳ ಮಕ್ಕಳಿಗೆ ಈ ಕಥೆ ಅಜ್ಜಿಯರಿಂದ ಬಂದದ್ದು.

ಆ ಮಕ್ಕಳಿಗೆ ತೋರಣಗಲ್ಲಿನ ಅಂಗಳ ದೂರವಾಗಬಾರದು. ಕಬಡ್ಡಿ, ಖೊಖೊ, ಕುಸ್ತಿಯಲ್ಲಿ ಪಳಗಿದ ಈ ಸೀಮೆಯಲ್ಲಿ ಕಾಲ್ಚೆಂಡಿಗೆ ಆಡುವ ಜಾಗವೇ ಕಡಿಮೆ, ಅಂತರಶಾಲಾ ಪಂದ್ಯಗಳು ಬೆರಳೆಣಿಕೆಯಷ್ಟು. ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿವೆ. ಎರಡೂ ಜಿಲ್ಲೆಗಳ ಶಾಲಾ ತಂಡಗಳಿಗೆ ವರ್ಷಕ್ಕೊಂದು ಲೀಗ್ ನಡೆಸಿ, ಹನ್ನೆರಡು ಹದಿಮೂರರ ವಯಸ್ಸಿನ ಮಕ್ಕಳನ್ನು ಅಕಾಡೆಮಿಯ ತರಬೇತುದಾರರ ಕಣ್ಣಿಗೆ ಬೀಳಿಸುವ ಕೆಲಸವನ್ನು ಶಿಕ್ಷಣ ಇಲಾಖೆ ಮತ್ತು ಕ್ಲಬ್ಬು ಕೂಡಿ ಮಾಡಬೇಕು. ಮಣಿಪುರದಿಂದ ಇಲ್ಲಿಗೆ ಬರುವ ಹುಡುಗ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸುತ್ತಾನೆ. ಕಂಪ್ಲಿಯ ಹುಡುಗ ಬಸ್ಸು ಹತ್ತಿದರೆ ಸಾಕು.